ಅರ್ಧಕ್ಕೆ ನಿಂತ ಗಜನಿ ಬಾಗಿಲಿನ ಬಗ್ಗೆ ಶ್ರೀ ಗಜನಿಪಾಲ ತಂತ್ರಾಂಶದವರಿಗೆ

ಕಾರವಾರದ ಕಂಪನಿ ಕಚೇರಿಯ ತಂಪು ಕೋಣೆಯಲ್ಲೂ ಅಂಕೋಲೆಯ ಬೊಬ್ರುವಾಡದ ಕೆಸರು ದಂಡೆಯಲ್ಲೂ ಏಕಕಾಲಕ್ಕೆ ನೆಲೆಸಿ, ಎರಡೂ ಕಡೆ ಒಂದೇ ರೀತಿ ನಡೆದುಕೊಳ್ಳುವೆನೆಂದು ಮಾತು ಕೊಟ್ಟಿರುವ ಶ್ರೀ ಗಜನಿಪಾಲ ತಂತ್ರಾಂಶ ಮಹೋದಯರ ಸನ್ನಿಧಿಗೆ, ಬೊಬ್ರುವಾಡ ಗಜನಿ ರೈತರ ಸಂಘದ ಕಾರ್ಯದರ್ಶಿ ಲಲಿತಾ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾವು ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವುದು ರೂಢಿ. ತಾವು ಕ್ಷೇಮವಾಗಿರುವುದು ಕಾರವಾರದ ಪರದೆಯ ಮೇಲೆ ಉರಿಯುತ್ತಿರುವ ಹಸಿರು ದೀಪದಿಂದ ಈಗಾಗಲೇ ಗೊತ್ತಾಗಿದೆ, ಮತ್ತು ನಾವು ಕ್ಷೇಮವಾಗಿಲ್ಲದಿರುವುದು ಆ ದೀಪಕ್ಕೆ ಗೊತ್ತಾಗುವ ಲಕ್ಷಣ ಕಾಣುತ್ತಿಲ್ಲ. ಆದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ನಾಲ್ಕು ಜನ ಓದಲಿ ಎಂಬ ಸಣ್ಣ ಆಸೆ.

ತಾವು ನೀರನ್ನು ಕಣ್ಣಾರೆ ಕಂಡವರಲ್ಲವಾದ್ದರಿಂದ ನಮ್ಮ ಗಜನಿಯ ಪರಿಚಯವನ್ನು ಮೊದಲು ಮಾಡಿಕೊಡುವುದು ನನ್ನ ಕರ್ತವ್ಯ. ಗಜನಿ ಎಂದರೆ ಹಳ್ಳದ ಪಕ್ಕದ ತಗ್ಗು ಗದ್ದೆ. ಸಮುದ್ರ ಉಬ್ಬಿದಾಗ ಉಪ್ಪುನೀರು ಹಳ್ಳದೊಳಗೆ ಏರಿ ಬರುತ್ತದೆ, ಆಗ ಕಟ್ಟೆಯ ಬಾಗಿಲು ಮುಚ್ಚಬೇಕು. ಸಮುದ್ರ ಇಳಿದಾಗ ಗದ್ದೆಯ ಮಳೆನೀರು ಹೊರಗೆ ಹೋಗಬೇಕು, ಆಗ ಬಾಗಿಲು ತೆರೆಯಬೇಕು. ಈ ನೆಲದಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತವೊಂದೇ. ಬೆಳೆದು ನಿಂತ ಮೇಲೆ ಅದು ಉಪ್ಪಿಗೂ ಹೆದರುವುದಿಲ್ಲ, ನೆರೆಗೂ ಹೆದರುವುದಿಲ್ಲ, ಆದರೆ ಮೊಳಕೆ ಬರಿಸಿ ಕೆಸರಿನ ಮೇಲೆ ಚೆಲ್ಲಿದ ಮೊದಲ ಕೆಲವು ದಿನ ಮಾತ್ರ ಒಳಗೆ ನುಗ್ಗಿದ ನೀರು ಅದನ್ನು ಎತ್ತಿಕೊಂಡೇ ಹೋಗುತ್ತದೆ. ಅಷ್ಟು ದಿನ ಬಾಗಿಲು ಹದವಾಗಿ ಮುಚ್ಚಿಕೊಂಡರೆ ಸಾಕು, ಉಳಿದದ್ದನ್ನು ಕಗ್ಗವೇ ನೋಡಿಕೊಳ್ಳುತ್ತದೆ.

ತಮಗಿಂತ ಮೊದಲು ಈ ಹುದ್ದೆಯಲ್ಲಿದ್ದವನು ನಮ್ಮ ಮಂಜು. ಎರಡು ಕಲ್ಲುಕಂಬಗಳಲ್ಲಿ ಕೊರೆದ ಸೀಳಿನೊಳಗೆ ಒಂದರ ಮೇಲೊಂದು ಹಲಗೆ ಇಳಿಸುವುದು ಅವನ ಕೆಲಸ. ಒಂದೊಂದು ಹಲಗೆ ಇಳಿದಾಗಲೂ ಅವನು "ಬಿತ್ತೂ..." ಎಂದು ಕೂಗುತ್ತಿದ್ದ, ಗದ್ದೆಯಿಂದ ನಮ್ಮ ಸಂಘದ ಹೊನ್ನಮ್ಮ "ಹೂಂ... ಕೇಳ್ತೂ..." ಎಂದು ಮಾರುತ್ತರ ಕೊಡುತ್ತಿದ್ದಳು. ಬಾಗಿಲ ಬಾಯಲ್ಲಿ ಯಾರಾದರೂ ಏಡಿ ಹಿಡಿಯಲು ಬಗ್ಗಿರಬಹುದು, ಯಾರದಾದರೂ ದೋಣಿ ಒಳಗೆ ಉಳಿದಿರಬಹುದು ಎಂದು, ಉತ್ತರ ಬಾರದೆ ಮುಂದಿನ ಹಲಗೆ ಇಳಿಸಬಾರದೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಹೊನ್ನಮ್ಮ ಜ್ವರದಲ್ಲಿ ಮಲಗಿದ್ದಾಗಲೂ ಬಾಗಿಲಿಗೆ ಬಂದು ಹೂಂಗುಟ್ಟಿ ಹೋಗಿದ್ದು ಊರಿಗೆಲ್ಲ ಗೊತ್ತು.

ಇಂಥ ಹಳ್ಳಿಗಾಡಿನ ಕೂಗಾಟವನ್ನು ಕೊನೆಗಾಣಿಸಲೆಂದೇ ತಮ್ಮ ಕಂಪನಿಯವರು ಕಬ್ಬಿಣದ ಬಾಗಿಲು, ಮೋಟರು, ಮತ್ತು ಅಂಗೈಯಗಲದ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ತಂದು ತಮ್ಮನ್ನು ಅದರೊಳಗೆ ಪ್ರತಿಷ್ಠಾಪಿಸಿದರು. ಮಂಜುವಿನ ಹಲಗೆಗಳನ್ನು ಕೊಯ್ದು ಆ ಪೆಟ್ಟಿಗೆಗೆ ಪೀಠ ಮಾಡಿದರು. ಬಾಗಿಲನ್ನು ಕೈಯಿಂದ ತಿರುಗಿಸುವ ಹಿಡಿಕೆಯನ್ನು, ಹಳ್ಳಿಯವರು ಮುಟ್ಟಿ ಕೆಡಿಸಬಾರದೆಂಬ ಕಾಳಜಿಯಿಂದ, ಬಿಚ್ಚಿಕೊಂಡು ಕಾರವಾರಕ್ಕೆ ಒಯ್ದರು. "ಇಲ್ಲಿ ಮನುಷ್ಯರ ಕೈ ಬೇಕಿಲ್ಲ" ಎಂದು ಬರೆದ, ಬಾಗಿಲಿಗಿಂತ ದೊಡ್ಡದಾದ ತಗಡಿನ ಬೋರ್ಡೊಂದನ್ನು ಕಟ್ಟೆಯ ಮೇಲೆ ನಿಲ್ಲಿಸಿದರು. ಅವರ ದೂರದೃಷ್ಟಿಗೆ ಏನು ಹೇಳಲಿ.

ಇಷ್ಟಾದ ಮೇಲೂ ನಮ್ಮವರಿಗೆ ಸಮಾಧಾನವಿಲ್ಲ. ಸಂಘದ ಸಭೆಯಲ್ಲಿ ಮಂಜು ಎದ್ದು "ಅದು ಕೂಗೂದೇ ಇಲ್ಲ ಅಂದ್ರೆ ಎಂತಾ ಬಾಗ್ಲು ಅದು? ಸುಮ್ನೆ ಬಂದು ತಲೆ ಮೇಲೆ ಬಿದ್ರೆ?" ಎಂದು ಕೇಳಿದ. ಎಲ್ಲರೂ ಹೌದೆಂದರು. ಯಂತ್ರವಾದರೇನು, ಬಾಗಿಲು ಒಂದೊಂದು ಬೆರಳು ಇಳಿದಾಗಲೂ ಅದು ತಿಳಿಸಲೇಬೇಕು, ಅದೂ ಮರ್ಯಾದೆಯ ಕನ್ನಡದಲ್ಲಿ ತಿಳಿಸಬೇಕು ಎಂದು ನಿರ್ಣಯವಾಯಿತು. ಸಭೆ ಕೂಡಿಯೇ ರಚಿಸಿದ ವಾಕ್ಯವನ್ನು ಕಂಪನಿಯವರು ಹಾಗೆಯೇ ಒಳಗೆ ಸೇರಿಸಿದರು: "ಮಾನ್ಯರೇ, ತಮ್ಮ ಅಪ್ಪಣೆಯ ಮೇರೆಗೆ ಬಾಗಿಲು ಇನ್ನೊಂದು ಬೆರಳು ಕೆಳಗಿಳಿದಿದೆ, ಗದ್ದೆಯಲ್ಲಿರುವ ಸಮಸ್ತರೂ ಗಮನಿಸುವ ಕೃಪೆ ಮಾಡಬೇಕಾಗಿ ವಿನಂತಿ." ಇಷ್ಟು ವಿನಯವಂತ ಬಾಗಿಲು ಈ ಕರಾವಳಿಯಲ್ಲಿ ಇನ್ನೊಂದಿರಲಾರದು ಎಂದು ಅಂದು ನಾವೆಲ್ಲ ಬೀಗಿದ್ದೆವು.

ಕಾರವಾರದ ಕಚೇರಿಗೆ ನಮ್ಮನ್ನು ಕರೆಸಿ ತೋರಿಸಿದಾಗ ತಮ್ಮ ವೈಭವವನ್ನು ನೋಡಬೇಕಿತ್ತು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಪುಟಾಣಿ ಬಾಗಿಲು ಇಳಿಯುತ್ತಿದ್ದ ಹಾಗೆ ಗೋಡೆಯಗಲದ ಪರದೆಯ ಮೇಲೆ ನಮ್ಮ ವಾಕ್ಯ ಮತ್ತೆ ಮತ್ತೆ ಮೂಡಿ ಮೇಲಕ್ಕೆ ಹರಿಯಿತು. ಇದೇ ತಂತ್ರಾಂಶ, ಒಂದಕ್ಷರವೂ ಬದಲಾಗದೆ, ಇಲ್ಲಿನ ಕಂಪ್ಯೂಟರಿನಲ್ಲಿ ಹೇಗೋ ಬೊಬ್ರುವಾಡದ ಪೆಟ್ಟಿಗೆಯಲ್ಲೂ ಹಾಗೇ ಎಂದು ಕಂಪನಿಯ ಎಂಜಿನಿಯರರು ಆಣೆ ಮಾಡುವವರಂತೆ ಹೇಳಿದರು. ನಾವು ಚಪ್ಪಾಳೆ ತಟ್ಟಿ, ಚಹಾ ಕುಡಿದು, ಬಸ್ಸು ಹತ್ತಿದೆವು.

ತಮ್ಮ ನಿಜವಾದ ದೊಡ್ಡತನವನ್ನು, ಬಾಗಿಲು ಅರ್ಧಕ್ಕೆ ನಿಂತು ಎಲ್ಲ ಮುಗಿದ ಮೇಲೆ, ನನಗೆ ಬಿಡಿಸಿ ಹೇಳಿದವಳು ಮಾಜಾಳಿಯಲ್ಲಿರುವ ನನ್ನ ತಂಗಿಯ ಮಗಳು ದೀಕ್ಷಾ. ದಿನಾ ಬಸ್ಸು ಹಿಡಿದು ಗೋವೆಗೆ ಕಂಪ್ಯೂಟರ್ ಕೆಲಸಕ್ಕೆ ಹೋಗುವವಳು. ಅವಳು ಹೇಳಿದ ಪ್ರಕಾರ ತಾವು ಸ್ವಂತ ಕೈಯಿಂದ ಯಾವ ಕೆಲಸವನ್ನೂ ಮಾಡುವುದಿಲ್ಲ. ಮೋಟರು ನಡೆಸಲು ಹೊರಗಿನ ಇನ್ನೊಂದು ಪ್ರೋಗ್ರಾಮನ್ನು, ಅಂದರೆ ಒಬ್ಬ ಕೈಯಾಳನ್ನು, ಎಬ್ಬಿಸುತ್ತೀರಿ; ಕೆಲಸ ಹೇಳುತ್ತೀರಿ; ಅವನು ಮುಗಿಸುವವರೆಗೆ ಕಾಯುತ್ತೀರಿ; ಮುಗಿಸಿ ಹೋಗುವಾಗ ಅವನು ಹೇಳುವ ಒಂದು ಅಂಕಿಯನ್ನು ಸ್ವೀಕರಿಸುತ್ತೀರಿ. ಅವನು ಸೊನ್ನೆ ಎಂದರೆ ಎಲ್ಲ ಸುಸೂತ್ರ. ನಮ್ಮ ಕಡೆಯ ದೊಡ್ಡ ಮನುಷ್ಯರು ಕೂಡ ಹೀಗೇ ಗದ್ದೆ ಮಾಡಿಸುತ್ತಾರಾದ್ದರಿಂದ ಇದು ನನಗೆ ಕೂಡಲೇ ಅರ್ಥವಾಯಿತು.

ಕಷ್ಟವಿರುವುದು ಊರಿಂದ ಊರಿಗೆ ಕೈಯಾಳುಗಳ ಸ್ವಭಾವ ಬೇರೆಯಾಗುವುದರಲ್ಲಂತೆ. ಕಾರವಾರದ ಕಂಪ್ಯೂಟರನ್ನು ನಡೆಸುವುದು ವಿಂಡೋಸ್, ನಮ್ಮ ಪೆಟ್ಟಿಗೆಯನ್ನು ನಡೆಸುವುದು ಲಿನಕ್ಸ್. ಅಲ್ಲಿಯ ಕೈಯಾಳಿನ ಹೆಸರಿನ ಕೊನೆಗೆ ".exe" ಎಂಬ ಬಾಲವಿರಬೇಕು, ಇಲ್ಲಿಯವನಿಗೆ ಬಾಲ ಹಚ್ಚಿ ಕರೆದರೆ ಅಂಥವರು ಇಲ್ಲಿಲ್ಲ ಎಂಬ ಉತ್ತರ. ಅಲ್ಲಿ ಅವನ ಮನೆಯ ವಿಳಾಸದ ನಡುವೆ ಹಾಕುವ ಗೆರೆ ಹಿಂದಕ್ಕೆ ವಾಲಿದರೆ ಇಲ್ಲಿ ಮುಂದಕ್ಕೆ ವಾಲುತ್ತದೆ. ಅಲ್ಲಿ ನಿಲ್ಲಿಸಬೇಕೆಂದರೆ ಮಾತಿಲ್ಲದೆ ಕುತ್ತಿಗೆ ಹಿಡಿದು ಹೊರದಬ್ಬುವುದು, ಇಲ್ಲಿ ಮೊದಲು ಒಂದು ಸೂಚನೆ ಕೊಟ್ಟು, ಕೇಳದಿದ್ದರೆ ಆಮೇಲೆ ದಬ್ಬುವುದು. ಇಷ್ಟೆಲ್ಲ ಭೇದಗಳನ್ನು ತಾವು ಒಬ್ಬರೇ ನಿಭಾಯಿಸಿದ್ದೀರಿ ಎಂದು ಕೇಳಿ ನನಗೆ ತಮ್ಮ ಮೇಲೆ ಗೌರವ ಹೆಚ್ಚಿತು. "ಎಲ್ಲಾ ಸರಿ ಮಾಡ್ಯದೆ ದೊಡ್ಡಮ್ಮಾ, ಒಂದೇ ಬಿಟ್ಟೋಗ್ಯದೆ. ಅವ ಹೇಳೂದನ್ನ ಇದು ಕೇಳ್ಸ್ಕಳೂದಿಲ್ಲ" ಎಂದಳು ದೀಕ್ಷಾ.

ಸಂಗತಿ ಇಷ್ಟೇ. ಕಾರವಾರದಲ್ಲಿ ಕೈಯಾಳಿನ ಮಾತು ಪರದೆಗೆ ಹೋಗುತ್ತಿತ್ತು, ಆದ್ದರಿಂದ ಎಷ್ಟು ಮಾತಾಡಿದರೂ ಜಾಗವಿತ್ತು. ಇಲ್ಲಿ ಕಟ್ಟೆಯ ಮೇಲೆ ಪರದೆಯಿಲ್ಲ. ಅವನ ಮಾತು ಒಂದು ಕೊಳವೆಯ ಮೂಲಕ ತಮ್ಮ ಬಳಿಗೇ ಬರುತ್ತದೆ, ತಾವು ಅದನ್ನು ಎತ್ತಿ ನೋಡಲಿಲ್ಲ. ಬೆರಳಿಗೊಂದು ವಿನಂತಿಯಂತೆ ಉಬ್ಬರದ ಮೇಲೆ ಉಬ್ಬರ ಆ ಒಬ್ಬನೇ ಕೈಯಾಳು ಹೇಳುತ್ತ ಹೋದ, ಕೊಳವೆ ತುಂಬುತ್ತ ಬಂತು, ಕೊನೆಗೊಂದು ಮಾತಿಗೆ ಜಾಗವಿಲ್ಲದಾಯಿತು. ಹೇಳಿದ್ದು ತಲುಪದೆ ಮುಂದಿನ ಕೆಲಸ ಮಾಡಬಾರದೆಂದು ಅವನು ಅಲ್ಲೇ ನಿಂತ. ಅವನು ಮುಗಿಸಲಿ ಎಂದು ತಾವು ಕಾದಿರಿ, ತಾವು ಕೇಳಿಸಿಕೊಳ್ಳಲಿ ಎಂದು ಅವನು ಕಾದ. ಇಬ್ಬರು ಸಭ್ಯಸ್ಥರು ಹೀಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ನಿಂತಿದ್ದು ಅಮಾವಾಸ್ಯೆಯ ದೊಡ್ಡ ಉಬ್ಬರದ ಹಗಲು, ಬಾಗಿಲು ಅರ್ಧ ಇಳಿದಿದ್ದಾಗ.

ಮೊದಲು ನೋಡಿದವನು ಮಂಜು. "ಲಲಿತಕ್ಕಾ, ಬಾಗ್ಲು ಎಂತಕೆ ಅರ್ಧಕ್ಕೇ ನಿಂತ್ಕಂಡದೆ? ಭರತಿ ಬರ್ತಾ ಅದೆ!" ಎಂದು ಏರುತ್ತಿದ್ದ ಉಬ್ಬರವನ್ನು ತೋರಿಸುತ್ತ ಅವನು ಓಡಿ ಬಂದಾಗ ನಾನು ಪೆಟ್ಟಿಗೆಯ ಮುಂದೆ ನಿಂತು ಕೈಮುಗಿದು ನೋಡಿದೆ, ತಾವು ಒಲಿಯಲಿಲ್ಲ. ಕಾರವಾರಕ್ಕೆ ಫೋನು ಮಾಡಿದೆ. "ಇಲ್ಲಿ ಕೆಲಸ ನಡೆಯುತ್ತಿದೆ ಅಂತ ತೋರಿಸ್ತಾ ಇದೆಯಲ್ಲ ಮೇಡಂ" ಎಂದು ಅಲ್ಲಿಯವರು ಸಮಾಧಾನ ಹೇಳಿದರು. ನಡೆಯುತ್ತಿರುವುದು ನೀರು ಮಾತ್ರ ಎಂದು ನಾನು ಕಿರುಚಿದ ಮೇಲೆ ಅಲ್ಲಿಂದಲೇ ತಮ್ಮನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದರು. ತಾವು ನಿಂತದ್ದೇ ಕೈಯಾಳೂ ಬಿದ್ದ. ಬೀಳುವ ಮುಂಚೆ, ಮೋಟರು ನನ್ನ ಸುಪರ್ದಿಯಲ್ಲಿದೆ ಎಂದು ಇಟ್ಟಿದ್ದ ಗುರುತನ್ನು ತೆಗೆಯಲು ಪಾಪ ಅವನಿಗೆ ವೇಳೆ ಸಿಗಲಿಲ್ಲ. ತಾವು ಎದ್ದು ಹೊಸ ಕೈಯಾಳನ್ನು ಕಳಿಸಿದಿರಿ. ಅವನು ಬಂದು ಗುರುತು ನೋಡಿ, ಬೇರೆಯವರ ಕೆಲಸದಲ್ಲಿ ತಲೆ ಹಾಕಬಾರದೆಂದು, ಸೊನ್ನೆ ಹೇಳಿ ಹೊರಟುಹೋದ. ಕಾರವಾರದಲ್ಲಿ ಹಸಿರು ದೀಪ ಹತ್ತಿತು. "ಬಾಗಿಲು ಮುಚ್ಚಿದೆ ಮೇಡಂ" ಎಂದು ಅವರು ಸಂತೋಷದಿಂದ ತಿಳಿಸಿದಾಗ ನೀರು ನನ್ನ ತೊಡೆಯವರೆಗೆ ಬಂದಿತ್ತು.

ಹಲಗೆ ಇಲ್ಲ, ಹಿಡಿಕೆ ಇಲ್ಲ. ಮಂಜು ಕಟ್ಟೆ ಹತ್ತಿ ತಮ್ಮ ಬೋರ್ಡಿನ ಬುಡಕ್ಕೆ ಗುದ್ದಲಿ ಹಾಕಿದ. ಊರಿನವರು ಕೂಡಿ ಅದನ್ನು ಕಿತ್ತು ಬಾಗಿಲ ಬಾಯಿಗೆ ಅಡ್ಡ ಇಟ್ಟೆವು, ಎದೆಗೊಟ್ಟು ಒತ್ತಿ ಹಿಡಿದೆವು. "ಮನುಷ್ಯರ ಕೈ ಬೇಕಿಲ್ಲ" ಎಂಬ ಅಕ್ಷರಗಳ ಮೇಲೆ ಅಷ್ಟೊಂದು ಕೈಗಳನ್ನು ನಾನು ಒಟ್ಟಿಗೆ ಕಂಡದ್ದು ಅದೇ ಮೊದಲು. ತಗಡು ಗಟ್ಟಿಯಾಗಿತ್ತು, ತಮ್ಮ ಕಂಪನಿಯಿಂದ ಬಂದದ್ದರಲ್ಲಿ ಹೇಳಿದ ಕೆಲಸ ಮಾಡಿದ್ದು ಅದೊಂದೇ ಎಂದು ಇಲ್ಲಿ ದಾಖಲಿಸಲು ಹರ್ಷಿಸುತ್ತೇನೆ.

ಆದರೆ ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಊರಿನಲ್ಲಿ ಕಗ್ಗದ ಬೀಜ ಉಳಿದಿದ್ದುದು ಹೊನ್ನಮ್ಮನ ಮನೆಯಲ್ಲಿ ಮಾತ್ರ; ನಮಗೆಲ್ಲ ಬೀಜ ಕೊಡುತ್ತಿದ್ದವಳು ಅವಳೇ. ಮಂಜು ಹಲಗೆ ಇಳಿಸುತ್ತಿದ್ದ ಕಾಲದಲ್ಲಿ, ಅವನೂ ಮನುಷ್ಯನೇ ಅಲ್ಲವೇ, ಎಂದಾದರೂ ತಪ್ಪಬಹುದು ಎಂದು ಅವಳು ಪ್ರತಿವರ್ಷ ಅರ್ಧ ಬೀಜವನ್ನು ಹುಲ್ಲಿನ ಮುಡಿಯಲ್ಲೇ ಕಟ್ಟಿಟ್ಟು ಉಳಿಸಿಕೊಂಡು ಇನ್ನರ್ಧವನ್ನಷ್ಟೇ ಮೊಳಕೆಗೆ ಹಾಕುತ್ತಿದ್ದಳು. ಈ ವರ್ಷ ಯಂತ್ರ ಬಂದಿದೆ, ಯಂತ್ರ ತಪ್ಪುವುದಿಲ್ಲ, ಎಲ್ಲವನ್ನೂ ಬಿತ್ತಿ ಎಂದು ಎಂಜಿನಿಯರರು ಹೇಳಿದರು. ಅವಳು ಎಲ್ಲವನ್ನೂ ಬಿತ್ತಿದಳು. ಆ ದಿನ ಮೊಳಕೆಯೊಡೆದ ಭತ್ತ ಕೆಸರಿನಿಂದ ಎದ್ದು ನೀರಿನ ಮೇಲೆ ತೇಲುತ್ತಿದ್ದುದನ್ನು ಹೊನ್ನಮ್ಮ ಮೊರ ಹಿಡಿದು ಬಾಚುತ್ತಿದ್ದಳು, ಬಾಚಿದಷ್ಟೂ ಮೊರದ ಅಂಚಿನಿಂದ ಹರಿದು ಹೋಗುತ್ತಿತ್ತು. "ಬಿಡು ಹೊನ್ನಮ್ಮಾ" ಎಂದೆ. "ಬಿಟ್ರೆ ನಾಳೆ ವರ್ಸಕೆ ಎಂತಾ ಹಾಕೂದೆ?" ಎಂದಳು, ತಲೆ ಎತ್ತದೆ. ನನಗೆ ಅಳು ಬಂತು, ಮಾನ್ಯರೇ, ಮತ್ತು ಇದನ್ನು ಮರ್ಯಾದೆಯ ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಗೊತ್ತಿಲ್ಲ. ಮೇಲಿನ ಮೂಲೆಯೊಂದರಲ್ಲಿ ಒಂದಿಷ್ಟು ಮೊಳಕೆ ಉಳಿದಿತ್ತು, ಅದರ ಬಹುಪಾಲನ್ನು ಆಮೇಲೆ ಏಡಿಗಳು ತಿಂದವು.

ಈ ಹಿನ್ನೆಲೆಯಲ್ಲಿ ಕೆಲವು ಸಣ್ಣ ವಿನಂತಿಗಳನ್ನು ತಮ್ಮ ಅಡಿದಾವರೆಗಳಲ್ಲಿ ಇಡುತ್ತಿದ್ದೇನೆ. ಕೈಯಾಳನ್ನು ಎಬ್ಬಿಸಿದ ಮೇಲೆ, ಊರು ಯಾವುದೇ ಇರಲಿ, ಅವನು ಹೇಳುವುದನ್ನು ಕೇಳುವ ತೊಂದರೆ ತೆಗೆದುಕೊಳ್ಳಬೇಕು. ಇದು ಕಷ್ಟವಾದರೆ, ಸಮುದ್ರವು ವಿಂಡೋಸ್ ಮೇಲೆ ನಡೆಯುತ್ತದೋ ಲಿನಕ್ಸ್ ಮೇಲೆ ನಡೆಯುತ್ತದೋ ವಿಚಾರಿಸಿ, ತಮ್ಮ ಕೊಳವೆ ಖಾಲಿಯಾಗುವ ತನಕ ಉಬ್ಬರವನ್ನು ತಡೆದು ನಿಲ್ಲಿಸುವ ಆದೇಶವನ್ನು ಅದಕ್ಕೆ ಸೂಕ್ತ ಬಾಲ ಹಚ್ಚಿ ಕಳಿಸಬೇಕು. ಚಂದ್ರನನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಿ ನೋಡಬಹುದೇ ಎಂದೂ ಕಾರವಾರದವರನ್ನು ಕೇಳಿ ತಿಳಿಸಬೇಕು. ಹಾಗೆಯೇ ಆ ಮೊದಲ ಕೈಯಾಳು, ಕೇಳುವವರಿಲ್ಲದೆ ಬಾಯಿ ತುಂಬ ಮಾತಿಟ್ಟುಕೊಂಡು ಸತ್ತನಲ್ಲ, ಅವನನ್ನು ಎಲ್ಲಿಯಾದರೂ ಉಳಿಸಿಟ್ಟಿದ್ದರೆ ನಮ್ಮ ಸಂಘಕ್ಕೆ ಕಳಿಸಿಕೊಡಬೇಕು. ಅವನು ನಮ್ಮ ಊರಿನ ಪದ್ಧತಿ ಬಲ್ಲವನು. ಅವನ ತಪ್ಪು ಏನೂ ಇಲ್ಲ ಎಂದು ಸಂಘದ ಸಭೆಯಲ್ಲಿ ಸರ್ವಾನುಮತದಿಂದ ಅಭಿಪ್ರಾಯಪಡಲಾಗಿದೆ.

ತಮ್ಮ ಮುಂದಿನ ಆವೃತ್ತಿ ಎಲ್ಲ ಊರುಗಳಲ್ಲೂ ಇನ್ನಷ್ಟು ಸಮಾನವಾಗಿ ನಡೆಯಲಿದೆ ಎಂದು ಕಂಪನಿಯವರು ತಿಳಿಸಿದ್ದಾರೆ. ಮೊದಲ ಪರೀಕ್ಷೆಯನ್ನು ಅವರು ತಮ್ಮ ಸ್ವಂತ ಮನೆಯ ನೆಲಮಹಡಿಯಲ್ಲಿ, ಹೆಂಡಿರು ಮಕ್ಕಳು ಊಟಕ್ಕೆ ಕುಳಿತಾಗ, ಹಳ್ಳದ ನೀರು ಬಿಟ್ಟುಕೊಂಡು ಮಾಡಬೇಕೆಂದು ಕೋರುತ್ತೇವೆ. ನೀರನ್ನು ನಾವು ಪುಕ್ಕಟೆ ಕೊಡುತ್ತೇವೆ.

ಇಷ್ಟಾದರೂ ತಮ್ಮ ವಿಶ್ವಾಸಿ ಎಂದೇ ಸಹಿ ಹಾಕಬೇಕೆಂದು ಸಂಪ್ರದಾಯ ಹೇಳುವುದರಿಂದ, ಹಾಗೆ ಹಾಕುತ್ತಿರುವ

ಲಲಿತಾ
ಕಾರ್ಯದರ್ಶಿ, ಗಜನಿ ರೈತರ ಸಂಘ, ಬೊಬ್ರುವಾಡ

ತಾ.ಕ.: ಉದ್ಘಾಟನೆಯ ದಿನ ಹೊನ್ನಮ್ಮ ತಮ್ಮ ಕಂಪನಿಯ ಮುಖ್ಯಸ್ಥರಿಗೆ ಹಾರದ ಬದಲು ಕಗ್ಗದ ತೆನೆಗಳ ಗೊಂಚಲೊಂದನ್ನು ಕಟ್ಟಿ ಕೊಟ್ಟಿದ್ದಳು. ಅದನ್ನು ಗಾಜು ಹಾಕಿಸಿ ಅವರ ಕಚೇರಿಯ ಗೋಡೆಗೆ ತೂಗುಹಾಕಿರುವುದನ್ನು ದೀಕ್ಷಾ ಫೋಟೋದಲ್ಲಿ ನೋಡಿದ್ದಾಳೆ. ಅದರಲ್ಲಿರುವ ಕಾಳು ಇನ್ನೂ ಸತ್ತಿಲ್ಲ, ನೆನೆಹಾಕಿದರೆ ಮೊಳೆಯುತ್ತದೆ. ದಯವಿಟ್ಟು ಅದನ್ನು ಕಳಿಸಿಕೊಡಲು ಹೇಳಿ. ಗಾಜನ್ನು ಅವರೇ ಇಟ್ಟುಕೊಳ್ಳಲಿ.