ಕೇಳಸ್ತೈತೇನು ಎನ್ನುವ ನಮ್ಮ ಭಾವ

ನಮ್ಮ ಭಾವನ ಜೊತೆ ಫೋನಿನಲ್ಲಿ ಮಾತು ಶುರು ಮಾಡಿದವರು ಬಹಳ ಮಂದಿ ಇದ್ದಾರೆ. ಮುಗಿಸಿದವರು ಒಬ್ಬರೂ ಇಲ್ಲ. ನಾನು ಗಾಂಧಿನಗರದ ಮನೆಯಿಂದ ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಕುರುಗೋಡಿನ ಅಕ್ಕನ ಮನೆಗೆ ಫೋನ್ ಮಾಡುತ್ತಿದ್ದೆ. ಹತ್ತು ನಿಮಿಷ, ಹೆಚ್ಚಿಲ್ಲ ಕಡಿಮೆಯಿಲ್ಲ. ಅದರಲ್ಲಿ ಏಳು ನಿಮಿಷ ಹೀಗೆ ಹೋಗುತ್ತಿತ್ತು:

"ಕೇಳಸ್ತೈತೇನು?"

"ಕೇಳಸ್ತೈತ್ರಿ ಭಾವ."

"ಹೆಂಗ ಕೇಳಸ್ತೈತಿ? ಗರಗರ ಅಂತೈತೋ, ಸಾಫ್ ಐತೋ? ಕಿಟಕಿ ಕಡಿ ಹೋಗು. ಈಗ?"

ಅಕ್ಕನನ್ನು ಕರೆಯಿರಿ ಎನ್ನುವಷ್ಟರಲ್ಲಿ ನನ್ನ ವಾಕಿಂಗಿನ ಹೊತ್ತಾಗಿರುತ್ತಿತ್ತು.

ತಪ್ಪು ಅವರದಲ್ಲ, ಕಸುಬಿನದು. ಸಿರುಗುಪ್ಪದಿಂದ ಕುರುಗೋಡಿನ ತನಕ ಮೊಬೈಲ್ ಟವರ್ ಏರಿ ರಿಪೇರಿ ಮಾಡಿ ನಿವೃತ್ತರಾದವರು. ಕೊನೆಯ ವರ್ಷಗಳಲ್ಲಿ ಒಂದೊಂದು ಟವರಿಗೆ ರಾಶಿ ಆಂಟೆನಾ ಬಂದವು. ಒಮ್ಮೆ ನನಗೆ ಪಾಠವನ್ನೇ ಹೇಳಿದರು:

"ಹಿಂದ ಟವರ್ ಅಂದ್ರ ಡಂಗುರ ಇದ್ದಂಗ, ಎಲ್ಲಾರಿಗೂ ಒಂದೇ ಕೂಗು. ಈಗ ಆಂಟೆನಾ ಎಲ್ಲ ಕೂಡಿ ಒಬ್ಬೊಬ್ಬರ ಕಡಿ ಬ್ಯಾರೆ ಬ್ಯಾರೆ ಮಾತು ತಿರುಗಿಸ್ತಾವು. ಗುರಿ ತಪ್ಪಿದ್ರ ನಿನ್ನ ಮಾತು ಮಗ್ಗಲದಾವನ ಫೋನಿಗೆ ಗದ್ದಲ ಆಗಿ ಬೀಳ್ತೈತಿ."

"ಗುರಿ ಹೆಂಗ ಗೊತ್ತಾಗ್ತೈತ್ರಿ?"

"ಫೋನೇ ಹೇಳಬೇಕು, ನನಗ ಹಿಂಗ ಕೇಳಸ್ತೈತಿ ಅಂತ. ಆದ್ರ ಬರೇ ಅದನ್ನ ಕೇಳಕೋಂತ ಕುಂತ್ರ ಮಾತಿಗೆ ಜಾಗ ಎಲ್ಲಿ ಉಳೀತೈತಿ? ಕಡಿಮಿ ಕೇಳಿ ಕೆಲಸ ತೆಗೀಬೇಕು. ಅದೇ ಜಾಣತನ."

ಇಷ್ಟು ಬಲ್ಲವರು ಮಾಡಿದ್ದೇನು? ಸಿರುಗುಪ್ಪದಲ್ಲಿ ಅವರ ತಂಗಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಹುಡುಗಿಯ ಇಬ್ಬರು ಜೋರುಬಾಯಿ ಅತ್ತೆಯರ ಮಾತು ಡಿಕ್ಕಿ ಹೊಡೆಯಬಾರದೆಂದು ಒಬ್ಬರನ್ನು ಪೂರ್ವಕ್ಕೆ, ಇನ್ನೊಬ್ಬರನ್ನು ಪಶ್ಚಿಮಕ್ಕೆ ಮುಖ ಮಾಡಿಸಿ ಕೂರಿಸಿದರು. ನಡುವೆ ಕೂತವರನ್ನು "ಯಾರ ಮಾತು ಎಷ್ಟು ಕೇಳಸ್ತೈತಿ?" ಎಂದು ವಿಚಾರಿಸಿ ಎರಡೆರಡು ಸಲ ಜಾಗ ಬದಲಿಸಿದರು. ಎಲ್ಲ ಸರಿಹೋಗುವ ಹೊತ್ತಿಗೆ ಬಸ್ಸಿಗೆ ತಡವಾಯಿತೆಂದು ಬಂದವರು ಎದ್ದರು. ಹುಡುಗಿಯ ಹೆಸರನ್ನೂ ಕೇಳಿರಲಿಲ್ಲ.

ಆಮೇಲೆ ಅಕ್ಕ ಹಾಸಿಗೆ ಹಿಡಿದಳು. ನಾಲ್ಕು ಮಾತಾಡಿದರೆ ಉಸಿರು ಸಾಲುತ್ತಿರಲಿಲ್ಲ. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಭಾವನಿಗೂ ನನಗೂ ಹೇಳಿದ್ದರು. ನಾನು ಕುರುಗೋಡಿಗೇ ಹೋಗಿ ಉಳಿದೆ.

ಭಾವ ನೋಡಲು ಬಂದವರನ್ನು ಸರದಿಯಲ್ಲಿ ಒಳಗೆ ಬಿಟ್ಟರು. ಟಿವಿ ಆರಿಸಿದರು, ಮಿಕ್ಸಿ ಎತ್ತಿಟ್ಟರು. ನನ್ನಂಥ ಶಿಸ್ತಿನವನೂ ಮೆಚ್ಚಬೇಕು, ಅಂಥ ವ್ಯವಸ್ಥೆ. ಆದರೆ ಮನೆ ಸದ್ದಡಗಿದ ಮೇಲೆ ತಾವೇ ಪಕ್ಕದಲ್ಲಿ ಕೂತು ಶುರು ಮಾಡಿದರು: "ಕೇಳಸ್ತೈತೇನು? ಬೆಳಕು ಜಾಸ್ತಿ ಆತೇನು? ದಿಂಬು ಹೆಂಗೈತಿ? ಈಗ?" ಅವಳ ದಿನದ ಉಸಿರೆಲ್ಲ ಹೂಂ, ಹೂಂಹೂಂ ಎನ್ನುವುದಕ್ಕೇ ತೀರುತ್ತಿತ್ತು.

ಒಂದು ಬೆಳಿಗ್ಗೆ ಅವರು ಔಷಧಿ ತರಲು ಹೋದಾಗ ಅಕ್ಕ ನನ್ನ ಕೈ ಹಿಡಿದಳು.

"ತಮ್ಮಾ, ಅವರಿಗೆ ಹೇಳು. ಕೇಳೂದು ಸಾಕು. ನಾ ಒಂದು ಹೇಳೂದೈತಿ."

ಭಾವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಹೇಳಿದೆ. ಅವರ ಮುಖ ಸಣ್ಣದಾಯಿತು. ಒಳಗೆ ಹೋಗಿ ಕೂತರು. ಬಾಯಿ ತೆರೆದರು, ಮುಚ್ಚಿಕೊಂಡರು. ಕೈ ಮಾತ್ರ ದಿಂಬಿನ ಕಡೆ ಹೋಗಿ ವಾಪಸ್ ಬಂತು.

ಅಕ್ಕ ಉಸಿರು ಕೂಡಿಸಿಕೊಂಡು ಹೇಳಿದಳು: "ನೀವು ಟವರ್ ಏರಿದ ದಿನ... ಇಳಿದೆ ಅಂತ ಫೋನ್ ಬರೂತನ ನಾ ಉಣತಿದ್ದಿಲ್ಲ. ನಿಮಗ ಹೇಳಿದ್ದಿಲ್ಲ."

ಭಾವ ಎದ್ದು ಅಡುಗೆಮನೆಯಿಂದ ಗಂಜಿ ತಂದು ಚಮಚದಲ್ಲಿ ಕುಡಿಸತೊಡಗಿದರು. ಬಿಸಿ ಐತೇನು ಎಂದು ಕೇಳಲಿಲ್ಲ. ತಮ್ಮ ತುಟಿಗೆ ಮುಟ್ಟಿಸಿ ನೋಡಿದರು. ಸಾಕೇನು ಎಂದೂ ಕೇಳಲಿಲ್ಲ. ಅವಳ ರೆಪ್ಪೆ ಇಳಿದಾಗ ನಿಲ್ಲಿಸಿದರು.