ಚಿಕ್ಕಮ್ಮನ ಐದು ನಿಮಿಷದ ಮೌನ

ನಮ್ಮ ಚಿಕ್ಕಮ್ಮ ಬಾಯಿ ಮುಚ್ಚಿದ್ದನ್ನು ಕಂಡವರು ತ್ಯಾಗರಾಜನಗರದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ! ದಂತವೈದ್ಯರನ್ನು ಕೇಳಬೇಡಿ, ಅವರ ಮುಂದಂತೂ ಬಾಯಿ ತೆರೆದೇ ಇರಬೇಕಲ್ಲ. ರಾಂಗ್ ನಂಬರ್ ಎಂದು ಫೋನ್ ಇಡಲು ಹೊರಟಿದ್ದ ಶ್ರೀನಗರದವರೊಬ್ಬರ ಮಗಳ ಮದುವೆಗೆ ನಾವು ಮನೆಮಂದಿಯೆಲ್ಲ ಹೋಗಿ ಹೋಳಿಗೆ ಊಟ ಮಾಡಿ ಬಂದಿದ್ದೇವೆ ಎಂದರೆ, ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಇಂಥವರು ಕಪ್ಪೆ ಗಣತಿಗೆ ಸೇರಿದರು! ಸಾರಕ್ಕಿ ಕೆರೆಯ ಕಡೆ ಹರಿಯುವ ಕಾಲುವೆಯ ಪಕ್ಕ ಶನಿವಾರ ಸಂಜೆ ಕೂತು, ಕಪ್ಪೆಗಳ ಕೂಗು ಕೇಳಿ, ಎಷ್ಟು ಬಗೆ ಇವೆಯೆಂದು ಬರೆದುಕೊಳ್ಳುವ ಕೆಲಸ. ಸ್ವಯಂಸೇವಕರು ಬೇಕೆಂದು ಪಾರ್ಕಿನಲ್ಲಿ ಕೇಳಿದ್ದೇ ತಡ, ಚಿಕ್ಕಮ್ಮ ಹೆಸರು ಕೊಟ್ಟಿದ್ದರು. ನಿಯಮ ಗೊತ್ತಾದದ್ದು ಆಮೇಲೆ. ತಂಡದ ಮುಖ್ಯಸ್ಥೆ, ಬಿಟಿಎಂನಲ್ಲಿ ಬಾಡಿಗೆಗಿರುವ ಹುಬ್ಬಳ್ಳಿಯ ಹುಡುಗಿ, ಹೇಳಿದಳು: "ಐದು ನಿಮಿಷ ಯಾರೂ ಪಿಟ್ಟ್ ಅನ್ನಂಗಿಲ್ರಿ."

ಐದು ನಿಮಿಷ! ಮೊದಲ ಶನಿವಾರ ಒಂದೇ ನಿಮಿಷಕ್ಕೆ, "ಅಗೋ, ಕೂಗ್ತು! ಬರ್ಕೊಳ್ಳಮ್ಮಾ!" ಎಂದು ಚಿಕ್ಕಮ್ಮ ಅರಚಿದ ರಭಸಕ್ಕೆ ಕಾಲುವೆಯ ಕಪ್ಪೆಗಳೆಲ್ಲ ಗಪ್‌ಚಿಪ್ ಆದವು. "ಆಂಟಿ, ಇನ್ನೊಮ್ಮೆ ಹಿಂಗಾದ್ರ ನಿಮ್ಮನ್ನ ತಂಡದಾಗ ಇಟ್ಕೊಳ್ಳಾಕ ಆಗಂಗಿಲ್ರಿ," ಎಂದಳು ಹುಡುಗಿ.

ಚಿಕ್ಕಮ್ಮನಿಗೆ ಇದು ಮಾನದ ಪ್ರಶ್ನೆಯಾಯಿತು. ವಾರವಿಡೀ ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ಮನೆಯಲ್ಲಿ ಮೌನದ ಅಭ್ಯಾಸ ನಡೆಯಿತು. ಮೂರನೆಯ ದಿನ ಪಕ್ಕದ ಮನೆಯವರು ಓಡಿ ಬಂದರು. "ಏನಾಯ್ತ್ರೀ? ನಿಮ್ಮನೇಲಿ ಸದ್ದೇ ಇಲ್ಲ, ಡಾಕ್ಟರ್‌ನ ಕರೀಲಾ?"

ಮುಂದಿನ ಶನಿವಾರ ನಾನೂ ಚಿಕ್ಕಪ್ಪನೂ ಜೊತೆಗೆ ಹೋದೆವು. ಚಿಕ್ಕಪ್ಪನಿಗೆ ಕಿವಿ ತೀರಾ ಮಂದ. ಚಿಕ್ಕಮ್ಮ ಕಿವಿಯ ಬಳಿ ಬಾಯಿಟ್ಟು ಕೂಗಿ ಹೇಳಿದ್ದಷ್ಟೇ ಅವರ ಪಾಲಿನ ಲೋಕ.

ಟೈಮರ್ ಶುರುವಾಯಿತು. ಯಾರೋ ಸ್ಕೂಟರ್ ನಿಲ್ಲಿಸಿ, "ಆಂಟಿ, ಜೆ.ಪಿ. ನಗರ ಮೆಟ್ರೋ ಯಾವ್ ಕಡೆ?" ಎಂದ. ಚಿಕ್ಕಮ್ಮ ಬರೀ ಬೆರಳು ತೋರಿಸಿದರು! ಅವನ ಊರು, ಸಂಬಳ, ಮದುವೆ, ಒಂದನ್ನೂ ವಿಚಾರಿಸಲಿಲ್ಲ! ಹೆಮ್ಮೆಯಿಂದ ನನ್ನ ಎದೆಯುಬ್ಬಿತು.

ಮೂರು ನಿಮಿಷ ಕಳೆಯಿತು. ಕಪ್ಪೆಗಳು ಜೋರಾಗಿ ಕೂಗುತ್ತಿದ್ದವು. ಏನಾಗುತ್ತಿದೆ ಎಂಬಂತೆ ಚಿಕ್ಕಪ್ಪ ಹುಬ್ಬೇರಿಸಿದರು. ಚಿಕ್ಕಮ್ಮನ ತುಟಿ ಅಲುಗಿತು. ಮುಗಿಯಿತು ಕಥೆ ಎಂದುಕೊಂಡೆ. ಆದರೆ ಅವರು ಚಿಕ್ಕಪ್ಪನ ಕೈ ಎಳೆದುಕೊಂಡು, ಅಂಗೈ ಮೇಲೆ ಬೆರಳಿನಿಂದ ಬಡಿಯತೊಡಗಿದರು. ಟಕ್, ಟಕ್, ಟಕ್. ಥೇಟ್ ಕಪ್ಪೆ ಕೂಗಿದ ಹಾಗೆಯೇ. ಇನ್ನೊಂದು ಬಗೆಯದು ಕೂಗಿದಾಗ ಉಗುರಿನಿಂದ ಉದ್ದಕ್ಕೆ ಗೀರಿದರು.

"ಎರಡು ಥರ ಇದಾವಲ್ಲೇ!" ಎಂದು ಚಿಕ್ಕಪ್ಪ ಗಂಟಲೆತ್ತಿ ಕೂಗಿಬಿಟ್ಟರು.

ಕಾಲುವೆ ಸ್ತಬ್ಧವಾಯಿತು. ಚಿಕ್ಕಮ್ಮ ಕಣ್ತುಂಬಿಕೊಂಡು ಹುಡುಗಿಯ ಕಡೆ ನೋಡಿದರು. ಆಗಲೂ ಬಾಯಿ ಬಿಡಲಿಲ್ಲ, ಐದು ನಿಮಿಷ ಇನ್ನೂ ಆಗಿರಲಿಲ್ಲವಲ್ಲ! ಅಂಗೈ ಮೇಲಿನ ಬಡಿತವನ್ನೆಲ್ಲ ನೋಡುತ್ತಿದ್ದ ಹುಡುಗಿ ತನ್ನ ಕಣ್ಣನ್ನೂ ಒರೆಸಿಕೊಂಡಳು. "ನೀವೇನ್ ಮಾತಾಡಿಲ್ಲಲ್ರಿ ಆಂಟಿ. ಮೊದಲಿಂದ ಶುರು ಮಾಡೂಣು, ನಡೀರಿ."

ಅವಳು ಟೈಮರ್ ಒತ್ತುವ ಮೊದಲೇ ಚಿಕ್ಕಪ್ಪ ಅಂಗೈ ಬಿಚ್ಚಿ ಚಿಕ್ಕಮ್ಮನ ಮಡಿಲಲ್ಲಿಟ್ಟು ಕೂತಿದ್ದರು.