ಯೋಚಿಸಿ ಆಮೆನ್ ಎನ್ನುವ ನನ್ನ ವಾರಗಿತ್ತಿ

ಆಗ ನನಗೆ ನಲವತ್ತು. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ನಮ್ಮ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಆ ಕಾಲಕ್ಕೆ ದೇವರನ್ನೇ ಕಾಯಿಸುತ್ತಿದ್ದ ಹೆಂಗಸು ಒಬ್ಬಳೇ ಒಬ್ಬಳು. ಅವಳು ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಹೆಸರು ಹೇಳುವುದಿಲ್ಲ. ಹೇಳಿದರೆ, ಇದಕ್ಕೆ ಒಪ್ಪಬೇಕೋ ಬೇಡವೋ ಎಂದು ಅವಳು ಯೋಚಿಸಲು ಕೂರುತ್ತಾಳೆ. ಆಮೇಲೆ ಇದು ಅಚ್ಚಾದ ಹಾಗೆಯೇ!

ಎಲ್ಲ ಚರ್ಚುಗಳಲ್ಲೂ ಅಯ್ಯನವರು ಪ್ರಾರ್ಥನೆ ಮುಗಿಸಿದರೆ ಜನ ಆಮೆನ್ ಎನ್ನುತ್ತಾರೆ. ಕಣ್ಣು ಮುಚ್ಚಿದವರೂ ಎನ್ನುತ್ತಾರೆ, ತೂಕಡಿಸುವವರೂ ಎನ್ನುತ್ತಾರೆ. ನಾನಂತೂ ಮನೆಯಲ್ಲಿ ಒಲೆಯ ಮೇಲೆ ಬಿಟ್ಟುಬಂದ ಹುರುಳಿಕಾಳು ತಳ ಹತ್ತಿತೋ ಏನೋ ಎಂದುಕೊಳ್ಳುತ್ತಲೇ ಸರಿಯಾದ ಹೊತ್ತಿಗೆ ಆಮೆನ್ ಎಂದವಳು. ಇವಳು ಮಾತ್ರ ಅನ್ನುತ್ತಿರಲಿಲ್ಲ. ಕೇಳಿದರೆ, "ಹಂಗೇ ಆಗ್ಲಿ ಅಂತ ತಾನೆ ಅದರ ಅರ್ಥ? ಏನಾಗ್ಲಿ ಅಂದ್ರು ಅಂತ ನೋಡ್ದೆ ಹೆಂಗೆ ಅನ್ನೋದು?" ಎನ್ನುತ್ತಿದ್ದಳು.

ಒಂದು ಭಾನುವಾರ ಅಯ್ಯನವರು, ನಮಗೆ ಕೇಡು ಮಾಡಿದವರನ್ನೂ ಆಶೀರ್ವದಿಸಪ್ಪಾ ಎಂದು ಬೇಡಿಕೊಂಡರು. ಸಭೆಯೆಲ್ಲ ಆಮೆನ್ ಎಂದಿತು. ಇವಳು ಬಾಯಿ ಬಿಗಿದುಕೊಂಡು ಮನೆಗೆ ಬಂದಳು, ಎಸರಿಟ್ಟಳು, ಹಿಟ್ಟು ಸುರಿದಳು. ಮುದ್ದೆ ತಿರುವುತ್ತಾ ತಿರುವುತ್ತಾ ಕೈ ನಿಲ್ಲಿಸಿ, "ನನ್ ಕೋಳಿ ಕದ್ದೋಳ್ನೂ ಸೇರ್ಸಿ ಹೇಳಿದ್ರಾ ಅವ್ರು?" ಎಂದು ಕೇಳಿದಳು.

"ಎಲ್ರನ್ನೂ ಸೇರ್ಸಿ ಕಣಕ್ಕ. ನಿನ್ ಕೋಳಿಗೆ ಬೇರೆ ಪ್ರಾರ್ಥನೆ ಮಾಡ್ತಾರಾ?"

ಅವಳು ಮತ್ತೆ ತಿರುವತೊಡಗಿದಳು. ಮುದ್ದೆ ಕಟ್ಟಿ ತಟ್ಟೆಗೆ ಹಾಕಿದ ಮೇಲೆ ಉಸಿರು ಬಿಟ್ಟು, "ಆಮೆನ್. ಹೋಗ್ಲಿ ಬಿಡು, ಮೊಟ್ಟೆ ಇಡೋದು ನಿಲ್ಸಿತ್ತು" ಎಂದಳು.

ಅವಳ ಮದುವೆಯಲ್ಲೂ ಹೀಗೇ ಆಗಿತ್ತಂತೆ. ಈ ಗಂಡನ್ನು ಒಪ್ಪಿದ್ದೀಯಾ ಎಂದು ಅಯ್ಯನವರು ಕೇಳಿದಾಗ ಇವಳು ಗಂಡನ್ನು ಮೇಲಿಂದ ಕೆಳಗೆ ನೋಡುತ್ತಾ ನಿಂತುಬಿಟ್ಟಳಂತೆ. "ಅವತ್ತು ಬಂದ ಬೆವರು ಇನ್ನೂ ಆರಿಲ್ಲ" ಎಂದು ನಮ್ಮ ಭಾವ ಇವತ್ತಿಗೂ ಹಣೆ ಒರೆಸಿಕೊಳ್ಳುತ್ತಾರೆ.

ನಮ್ಮೂರು ತೂಬಗೆರೆ ಕಡೆಯದು. ಕ್ರೈಸ್ತರ ಸಮಾಧಿ ಜಾಗ ಕೆರೆಯ ಆಚೆ ದಡದಲ್ಲಿದೆ. ಅಲ್ಲಿಗೆ ಹೋಗುವ ದಾರಿಗೆ ಬೆಂಗಳೂರಿನ ಯಾರೋ ದ್ರಾಕ್ಷಿ ತೋಟ ಮಾಡುತ್ತೇವೆಂದು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದರು. ಅಲ್ಲಿಂದಾಚೆಗೆ ನಮ್ಮ ಹೆಣಗಳು ಕೆರೆಯ ಅಂಗಳದಲ್ಲಿ ಹೋಗಬೇಕಾಯಿತು. ಬೇಸಿಗೆಯಲ್ಲಿ ಸತ್ತವರು ಪುಣ್ಯವಂತರು. ನಮ್ಮ ಮಾವ ಮಳೆಗಾಲದಲ್ಲಿ ಸತ್ತರು. ಸೊಂಟದುದ್ದದ ನೀರಿನಲ್ಲಿ ಹೊತ್ತವರಲ್ಲೊಬ್ಬನ ಕಾಲು ಕೆಸರಲ್ಲಿ ಜಾರಿತು, ಪೆಟ್ಟಿಗೆ ನೀರಿಗೆ ಬಿತ್ತು.

ಅತ್ತೆ ದಡದಲ್ಲಿ ನಿಂತು ನೋಡಿದರು. "ಬದುಕಿದ್ದಾಗ ವಾರಕ್ಕೊಂದು ಸಲ ನೀರು ಹುಯ್ಕೊಳ್ಳೋಕೆ ಅಳ್ತಿದ್ದ. ಹೋಗ್ತಾ ಮುಳುಗೆದ್ದು ಹೋದ" ಎಂದು ಬಂದವರಿಗೆಲ್ಲ ಹೇಳಿದರು. ಜನ ನಕ್ಕರು. ಆದರೆ ಅತ್ತೆ ತಾವೇ ಹಾಸಿಗೆ ಹಿಡಿದ ಮೇಲೆ ನಮ್ಮಿಬ್ಬರ ಕೈ ಹಿಡಿದುಕೊಂಡು ಹೇಳುತ್ತಿದ್ದದ್ದು ಒಂದೇ ಮಾತು: "ನನ್ನ ನೀರಿಗೆ ಹಾಕ್ಬೇಡ್ರಮ್ಮ. ನಂಗೆ ಚಳಿ ತಡಿಯಕ್ಕಾಗಲ್ಲ."

ನಾನು ಆಯ್ತು ಅತ್ತೆ, ಆಯ್ತು ಅತ್ತೆ ಎನ್ನುತ್ತಿದ್ದೆ. ಸಾಯುವವರಿಗೆ ಏನೆಂದರೇನು? ವಾರಗಿತ್ತಿ ಸುಮ್ಮನೆ ಅವರ ಕಾಲು ತಿಕ್ಕುತ್ತಿದ್ದಳು.

ಆ ವರ್ಷ ಸುತ್ತಲಿನ ಚರ್ಚುಗಳವರೆಲ್ಲ ಸೇರಿ, ದಾರಿ ಬಿಡಿಸಿ ಎಂದು ತಾಲ್ಲೂಕು ಕಚೇರಿಗೆ ಮೌನ ಮೆರವಣಿಗೆ ಹೋಗುವುದೆಂದು ತೀರ್ಮಾನವಾಯಿತು. ನಮ್ಮ ಅಯ್ಯನವರು, ಆ ಕಡೆಯ ಫಾದರ್, ಸಿಸ್ಟರುಗಳು, ಪ್ರಾರ್ಥನಾ ಮನೆಗಳವರು. ಒಬ್ಬರ ಹಾಡು ಒಬ್ಬರಿಗೆ ಬರುವುದಿಲ್ಲ. ಅದಕ್ಕೇ ಮೌನ ಎಂದು ಆರಿಸಿಕೊಂಡರೋ ಏನೋ! ಧಿಕ್ಕಾರ ಇಲ್ಲ, ಘೋಷಣೆ ಇಲ್ಲ, ಎಲ್ಲರೂ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ನಡೆಯಬೇಕು.

ಹೊರಟೆವು. ಮಗ್ಗದ ಬೀದಿಗಳಲ್ಲಿ ಪವರ್‌ಲೂಮುಗಳ ಗದ್ದಲಕ್ಕೆ ಪಕ್ಕದವಳು ಕೂಗಿದರೂ ಕೇಳಿಸದು. ಅಂಥಲ್ಲಿ ನಾವು ಮೌನವಾಗಿದ್ದೇವೆಂದು ಯಾರಿಗೆ ಗೊತ್ತಾಗಬೇಕು? ಅಷ್ಟರಲ್ಲಿ ಒಬ್ಬ ಮಗ್ಗದ ಯಜಮಾನ ಹೊರಗೆ ಬಂದು ನೋಡಿ, ಒಳಗೆ ಹೋಗಿ ಮೋಟಾರು ನಿಲ್ಲಿಸಿದ. ಪಕ್ಕದವನೂ ನಿಲ್ಲಿಸಿದ. ಬೀದಿಯುದ್ದಕ್ಕೂ ಒಂದೊಂದೇ ಮಗ್ಗ ನಿಂತಿತು. ಕೊನೆಗೆ ನಮ್ಮ ಚಪ್ಪಲಿ ಸದ್ದೇ ನಮಗೆ ಕೇಳಿಸಿತು. ನನಗೆ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ.

ಕಚೇರಿ ಬಾಗಿಲಲ್ಲಿ ಇನ್‌ಸ್ಪೆಕ್ಟರು ನನ್ನ ವಾರಗಿತ್ತಿಯನ್ನು ನೋಡಿ ಗಾಬರಿಯಾದರು. ಅವಳ ಬಾಯಿಯ ಬಿಳಿ ಬಟ್ಟೆ ಕೆಂಪಗೆ ತೊಯ್ದಿತ್ತು.

"ಯಾರಮ್ಮ ಹೊಡೆದೋರು? ನಮ್ಮೋರು ಯಾರೂ ಲಾಠಿ ಎತ್ತಿಲ್ಲ ಕಣಮ್ಮ."

ಬಟ್ಟೆ ಬಿಚ್ಚಿದರೆ ಬಾಯಿ ತುಂಬ ಎಲೆಅಡಿಕೆ. ಬಟ್ಟೆ ಕಟ್ಟುವ ಮೊದಲು ಹಾಕಿಕೊಂಡದ್ದು. ಉಗುಳಬೇಕಾದರೆ ಬಾಯಿ ಬಿಡಬೇಕು, ಬಾಯಿ ಬಿಟ್ಟರೆ ಮೌನ ಮುರಿಯುತ್ತದೆ ಎಂದು ಊರುದ್ದಕ್ಕೂ ಕೆನ್ನೆಯಲ್ಲಿ ಇಟ್ಟುಕೊಂಡು ನಡೆದಿದ್ದಳು. ಇನ್‌ಸ್ಪೆಕ್ಟರೇ ತಮ್ಮ ಚೊಂಬಿನ ನೀರು ಕೊಟ್ಟರು.

ಎಲ್ಲರೂ ಬಾಯಿಯ ಬಟ್ಟೆ ಬಿಚ್ಚಿ ನೆಲದಲ್ಲಿ ಕುಳಿತೆವು. ತಹಸೀಲ್ದಾರರು ಮೆಟ್ಟಿಲ ಮೇಲೆ ಬಂದು ನಿಂತು ಮಾತಾಡಿದರು. ಸರ್ಕಾರ ನಿಮ್ಮ ಜೊತೆಗಿದೆ, ಎಲ್ಲವನ್ನೂ ಕಾಲಕ್ರಮದಲ್ಲಿ ಪರಿಶೀಲಿಸಲಾಗುವುದು, ನಿಮ್ಮ ಶಾಂತಿ ಸಹನೆ ಸದಾ ಹೀಗೇ ಇರಲಿ ಎಂದು ಹೇಳಿ, ಕೈ ಮೇಲೆತ್ತಿ ಮಾತು ನಿಲ್ಲಿಸಿದರು.

ಮೆಟ್ಟಿಲ ಮೇಲೆ ನಿಂತವರು ಕೈ ಎತ್ತಿ ಮಾತು ಮುಗಿಸಿದರೆ ನಮ್ಮ ಜನಕ್ಕೆ ಒಂದೇ ಲೆಕ್ಕ: ಆಶೀರ್ವಾದ ಆಯಿತು, ಆರಾಧನೆ ಮುಗಿಯಿತು. ಇಡೀ ಸಭೆ ಒಂದೇ ಬಾಯಲ್ಲಿ ಆಮೆನ್ ಎಂದಿತು. ಎಂದದ್ದಷ್ಟೇ ಅಲ್ಲ, ಸೆರಗು ಕೊಡವಿಕೊಂಡು ಎದ್ದೂ ಬಿಟ್ಟೆವು. ಅಯ್ಯನವರ ಬಾಯಿಂದಲೂ ಆಮೆನ್ ಬಂದುಹೋಗಿತ್ತು; ಅವರು ಬಾಯಿ ಮುಚ್ಚಿಕೊಳ್ಳುವ ಹೊತ್ತಿಗೆ ಅರ್ಧ ಜನ ಗೇಟಿನ ಹತ್ತಿರ ಇದ್ದರು. ತಹಸೀಲ್ದಾರರಿಗೆ ಬಹಳ ಸಂತೋಷವಾಯಿತು. ಇಷ್ಟು ಒಳ್ಳೆಯ ಪ್ರತಿಭಟನೆಯನ್ನು ಅವರು ಎಲ್ಲಿ ನೋಡಿದ್ದಾರು?

ಖಾಲಿಯಾದ ಅಂಗಳದ ನಡುವೆ ಒಬ್ಬಳು ಕುಳಿತೇ ಇದ್ದಳು.

"ಏನಮ್ಮ? ಎಲ್ರೂ ಒಪ್ಪಿದ್ರಲ್ಲ" ಎಂದರು ತಹಸೀಲ್ದಾರರು.

"ಅವ್ರು ಒಪ್ಪಿದ್ರು ಸ್ವಾಮಿ. ನಾನಿನ್ನೂ ಹುಡುಕ್ತಾ ಇದೀನಿ."

"ಏನ್ ಹುಡುಕ್ತಿದೀಯ?"

"ನೀವು ಹೇಳಿದ್ರಲ್ಲಿ ದಾರಿ ಎಲ್ಲೈತೆ ಅಂತ."

ಗೇಟಿನ ಹತ್ತಿರ ಹೋದವರು ಒಬ್ಬೊಬ್ಬರಾಗಿ ಬಂದು ಮತ್ತೆ ಕುಳಿತರು. ಅಯ್ಯನವರು ಮೊದಲು ಕುಳಿತರು, ಮುಖ ಕೆಂಪಾಗಿತ್ತು. ವಾರಗಿತ್ತಿ ಅತ್ತೆಯ ಮಾತು ಹೇಳಿದಳು, ಮಾವನ ಪೆಟ್ಟಿಗೆ ಬಿದ್ದದ್ದು ಹೇಳಿದಳು. ದನಿ ಎತ್ತಲಿಲ್ಲ. ತಹಸೀಲ್ದಾರರು ಮೆಟ್ಟಿಲಿಳಿದು ಬಂದು ಕೇಳಿಸಿಕೊಂಡರು. ಆ ವಾರವೇ ಜೀಪಿನಲ್ಲಿ ನಮ್ಮೂರಿಗೆ ಬಂದು, ಬೂಟು ಕೆಸರು ಮಾಡಿಕೊಂಡು ಕೆರೆ ಅಂಗಳ ನೋಡಿದರು. ಮಳೆ ಕಳೆಯಲಿ, ಅಳತೆ ಮಾಡಿಸಿ ದಾರಿ ಬಿಡಿಸುತ್ತೇನೆ ಎಂದರು. ಬಿಡಿಸಿದರು ಕೂಡ. ಇವತ್ತಿಗೂ ಆ ದಾರಿ ಇದೆ.

ಆದರೆ ಅತ್ತೆ ಅಷ್ಟು ದಿನ ಕಾಯಲಿಲ್ಲ. ಕೆರೆ ತುಂಬಿದ ವಾರದಲ್ಲೇ ಹೋದರು.

ತಂತಿ ಕಿತ್ತುಹಾಕೋಣ ಎಂದು ಕೆಲವರು ಹಾರೆ ತಂದರು. ಅಯ್ಯನವರು, ಶಾಂತಿಯಿಂದ ಎಂದು ಮಾತು ಕೊಟ್ಟಿದ್ದೇವೆ, ಬೇಡ ಎಂದರು. ಹಾಗಾದರೆ ನೀರೇ ಗತಿ ಎಂದು ಗಂಡಸರು ಪಂಚೆ ಎತ್ತಿ ಕಟ್ಟತೊಡಗಿದರು. ವಾರಗಿತ್ತಿ ದಡದಲ್ಲಿ ನಿಂತು ನೀರನ್ನೇ ನೋಡುತ್ತಿದ್ದಳು.

"ಜಾರಿದ್ದು ಯಾಕೆ? ನಡೆದಿದ್ದಕ್ಕೆ ತಾನೆ" ಎಂದಳು. "ಚರ್ಚಿಗೆ ಮೋಲ್ಡ್ ಹಾಕ್ದಾಗ ಕಾಂಕ್ರೀಟು ಮೇಲಕ್ಕೆ ಹೆಂಗೆ ಹೋಯ್ತು? ಬಾಂಡ್ಲಿ ಹೊತ್ಕೊಂಡು ಯಾರಾದ್ರೂ ನಡೆದ್ರಾ? ನಿಂತ್ಕೊಂಡು ಕೈಯಿಂದ ಕೈಗೆ ಕೊಟ್ವಿ. ಹಂಗೇ ನಿಲ್ಲಿ."

"ಅಷ್ಟು ಗಂಡಸ್ರು ಎಲ್ಲವ್ರೆ?" ಎಂದರು ಭಾವ.

"ಹೆಂಗಸ್ರು ಇಲ್ವಾ?"

"ಹೆಂಗಸ್ರು ಪೆಟ್ಟಿಗೆ ಮುಟ್ಟೋದುಂಟಾ?"

"ಇಷ್ಟು ದಿನ ಅತ್ತೆಗೆ ಸ್ನಾನ ಮಾಡ್ಸಿದ್ದು ಯಾರು? ನೀವಾ?"

ಭಾವ ಹಣೆ ಒರೆಸಿಕೊಂಡು ನೀರಿಗಿಳಿದರು. ಹಿಂದೆ ಎಲ್ಲರೂ ಇಳಿದೆವು, ಮೆರವಣಿಗೆಯಲ್ಲಿ ನಡೆದು ಈಗ ಮಣ್ಣಿಗೆ ಬಂದಿದ್ದ ಪೇಟೆಯವರೂ. ಈ ದಡದಿಂದ ಆ ದಡಕ್ಕೆ ಎದುರುಬದುರಾಗಿ ಎರಡು ಸಾಲು. ನನ್ನ ಪಕ್ಕದಲ್ಲಿ ಒಬ್ಬ ಸಿಸ್ಟರು ಬಿಳಿ ಬಟ್ಟೆಯೊಂದಿಗೇ ಕೆಸರಲ್ಲಿ ಹೂತು ನಿಂತಿದ್ದರು. ಯಾರೂ ಕಾಲೆತ್ತಲಿಲ್ಲ. ಪೆಟ್ಟಿಗೆ ನಮ್ಮ ತಲೆಯ ಮಟ್ಟದಲ್ಲಿ ಕೈಯಿಂದ ಕೈಗೆ ಬಂತು. ತೋಟದ ಆಳುಗಳು ತಂತಿಯ ಆಚೆ ತಲೆಯ ವಸ್ತ್ರ ತೆಗೆದು ನಿಂತಿದ್ದರು.

ವಾರಗಿತ್ತಿ ಕುಳ್ಳಿ. ಎತ್ತರದವರನ್ನು ಬಿಟ್ಟು ತಾನೇ ಆಳದಲ್ಲಿ ನನ್ನೆದುರಿಗೆ ನಿಂತಿದ್ದಳು. ನೀರು ಅವಳ ಎದೆಯವರೆಗಿತ್ತು. ಪೆಟ್ಟಿಗೆ ನಮ್ಮಿಬ್ಬರ ಕೈಗೆ ಬಂತು. ಮುಂದಿನವರು ಕೈ ಚಾಚಿದರು. ಅವಳು ಕೊಡಲಿಲ್ಲ. ಭಾರಕ್ಕೆ ನನ್ನ ತೋಳು ಸೋಲುತ್ತಿತ್ತು, ಬೈಯೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕತ್ತೆತ್ತಿ ಪೆಟ್ಟಿಗೆಯ ಅಡಿಗೆ ಕೆನ್ನೆ ಒತ್ತಿ ನೋಡಿದಳು.

"ಒಣಗೇ ಐತೆ ಅತ್ತೆ" ಎಂದಳು. "ಒಂದು ಹನೀನೂ ತಾಗಿಲ್ಲ. ಹೋಗ್ಬಾ ಇನ್ನು."

ಆಮೇಲೆ ಮುಂದಕ್ಕೆ ಕೊಟ್ಟಳು.

ಒಂದೇ ಮನೆಗೆ ಸೊಸೆಯರಾಗಿ ಬಂದು ಅಷ್ಟು ವರ್ಷವಾದರೂ ನಾನು ಅವಳ ಬಟ್ಟೆ ಒಗೆದವಳಲ್ಲ, ಅವಳೂ ನನ್ನದನ್ನು ಒಗೆದವಳಲ್ಲ. ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಎದ್ದು, ಕೆಸರು ಹಿಡಿದ ಅವಳ ಸೀರೆಯನ್ನು ನನ್ನ ಸೀರೆಯ ಜೊತೆಗೆ ಬುಟ್ಟಿಗೆ ಹಾಕಿಕೊಂಡು ಕೆರೆಗೆ ಹೋಗಿ ಒಗೆದುಕೊಂಡು ಬಂದೆ.